ಸೀಸನ್ ಮುಗಿಯುವ ಮೊದಲೇ ಆರ್ಡರ್ ನಿಲ್ಲಿಸಿದೆ, ದುಡ್ಡು ಉಳಿಯಿತು

ನನ್ನದು ಗ್ರಾಹಕರ ಫೋಟೋಗಳನ್ನು ಪುಸ್ತಕ, ಕ್ಯಾಲೆಂಡರ್ ಮಾಡಿ ಪ್ರಿಂಟ್ ಹಾಕಿ ಕಳಿಸುವ ಕೆಲಸ, ವರ್ಷದ ಕೊನೆಯ ಉಡುಗೊರೆಗಳೇ ನಮ್ಮ ಸೀಸನ್. ಡಿಸೆಂಬರ್ 12ಕ್ಕೇ ಫೋಟೋ ಪುಸ್ತಕದ ಆರ್ಡರ್ ನಿಲ್ಲಿಸುತ್ತೇನೆ ಅಂದಾಗ ಈ ಕೆಲಸದಲ್ಲಿರುವ ಗೆಳೆಯರೆಲ್ಲ ಬೈದರು. ‘ಬರೋ ಲಕ್ಷ್ಮಿಯನ್ನ ಕಾಲಲ್ಲಿ ಒದೀತೀಯಲ್ಲ’ ಅಂದರು. ಅದಾಗಿ 3 ಸೀಸನ್ ಕಳೆಯಿತು. ಅವರಲ್ಲೇ ಇಬ್ಬರು ಈಗ ನನ್ನ ದಾರಿ ಹಿಡಿದಿದ್ದಾರೆ.

ಮೊದಲು ನನ್ನದೂ ಎಲ್ಲರ ಹಾಗೇ ಇತ್ತು. ವರ್ಷದ ವ್ಯಾಪಾರದಲ್ಲಿ ನೂರಕ್ಕೆ 60 ಪಾಲು ಕೊನೆಯ ಎರಡು ತಿಂಗಳಲ್ಲೇ. ಡಿಸೆಂಬರ್ ಕೊನೆಗೆ ಖಾತೆ ತುಂಬಿರುತ್ತಿತ್ತು, ಏಪ್ರಿಲ್ ಹೊತ್ತಿಗೆ ಮಷೀನಿನ ಕಂತಿಗೆ ಸಾಲ ಮಾಡುತ್ತಿದ್ದೆ.

ಒಂದು ಜನವರಿಯಲ್ಲಿ ಪ್ರತಿ ದಿನದ ಆರ್ಡರ್ ತೆಗೆದು, ಅದಕ್ಕೆ ಆಮೇಲೆ ತಗುಲಿದ ಖರ್ಚನ್ನು ಪಕ್ಕದಲ್ಲಿ ಬರೆದೆ. ಮರುಪ್ರಿಂಟ್, ವಾಪಸ್ ಕೊಟ್ಟ ಹಣ, ತುರ್ತು ಕೊರಿಯರ್, ರಾತ್ರಿ ಪಾಳಿಯ ಕೂಲಿ. ಕೊನೆಯ 10 ದಿನದ ಆರ್ಡರ್ ಸೀಸನ್ನಿನ ಹೆಚ್ಚುಕಮ್ಮಿ ಕಾಲು ಭಾಗ. ವಾಪಸ್ ಕೊಟ್ಟ ಹಣದಲ್ಲಿ ಮಾತ್ರ ಮುಕ್ಕಾಲು ಪಾಲು ಅವುಗಳದ್ದೇ! ಆನ್‌ಲೈನ್ ಜಾಹೀರಾತಿನ ಒಂದೊಂದು ಕ್ಲಿಕ್ಕಿಗೂ ಆ ದಿನಗಳಲ್ಲೇ ಎರಡರಷ್ಟು ಕೊಡುತ್ತಿದ್ದೆ. ಗ್ರಾಹಕರು ಅವಸರದಲ್ಲಿ ವಾಟ್ಸಾಪಿನ ಚಿಕ್ಕ ಫೋಟೋ ಕಳಿಸುತ್ತಾರೆ, ನಾವೂ ಅವಸರದಲ್ಲಿ ನೋಡದೆ ಪ್ರಿಂಟ್ ಹೊಡೆಯುತ್ತೇವೆ. ದಿನ ದಾಟಿ ತಲುಪಿದ ಉಡುಗೊರೆ ಯಾರಿಗೂ ಬೇಡ. ಯಾರದೋ ಮುಖ ಅಚ್ಚಾದ ಪುಸ್ತಕವನ್ನು ಇನ್ನೊಬ್ಬರಿಗೆ ಮಾರೋಕೂ ಆಗಲ್ಲ ಅಲ್ವಾ?

ಇದಕ್ಕಿಂತ ಜೋರಾಗಿ ಪೆಟ್ಟು ಬಿದ್ದದ್ದು ಪೇಮೆಂಟ್ ಗೇಟ್‌ವೇಯಿಂದ, ಅಂದರೆ ಗ್ರಾಹಕರು ಆನ್‌ಲೈನಿನಲ್ಲಿ ಕಟ್ಟಿದ ಹಣವನ್ನು ನಮ್ಮ ಖಾತೆಗೆ ಹಾಕುವ ಕಂಪನಿಯಿಂದ. ದಿನಕ್ಕೆ 15 ಆರ್ಡರ್ ಬರುತ್ತಿದ್ದ ಖಾತೆಗೆ ಏಕಾಏಕಿ 400 ಬಂದರೆ ಅವರಿಗೆ ಅನುಮಾನ. ಬಂದ ಹಣದ ಹತ್ತರಲ್ಲಿ ಒಂದು ಪಾಲನ್ನು 3 ತಿಂಗಳು ಹಿಡಿದಿಟ್ಟರು. ಪೇಪರ್, ಇಂಕ್ ಕೊಟ್ಟವರು ಅಷ್ಟು ದಿನ ಕಾಯಲಿಲ್ಲ. ಕಾರ್ಡಿನಲ್ಲಿ ಕೊಂಡವರು ಸಾಮಾನ್ಯವಾಗಿ 120 ದಿನದವರೆಗೂ ತಕರಾರು ಎತ್ತಿ ಹಣ ವಾಪಸ್ ಕೇಳಬಹುದು. ಅಂದರೆ ಡಿಸೆಂಬರಿನ ಹಣ ಏಪ್ರಿಲ್ ದಾಟುವವರೆಗೆ ಪೂರ್ತಿ ನಮ್ಮದಲ್ಲ. ಈಗ ಸೆಪ್ಟೆಂಬರಿನಲ್ಲೇ ಹಿಂದಿನ ವರ್ಷದ ಅಂಕಿಗಳನ್ನು ಇಟ್ಟು ಗೇಟ್‌ವೇಯವರಿಗೆ ಬರೆಯುತ್ತೇನೆ. 2 ವರ್ಷದಿಂದ ಏನೂ ಹಿಡಿದಿಟ್ಟಿಲ್ಲ. ಆದರೂ ಬಂದ ಹಣದಲ್ಲಿ ನೂರಕ್ಕೆ 8 ಬೇರೆ ಖಾತೆಗೆ ಹಾಕಿ ಮೇ ತನಕ ಮುಟ್ಟುವುದಿಲ್ಲ.

ಆರ್ಡರ್ ಒಂದೇ ಸಲ ನಿಲ್ಲಿಸುವುದಿಲ್ಲ. ಮೊದಲು ಪುಸ್ತಕ, ಆಮೇಲೆ ಕ್ಯಾಲೆಂಡರ್, ಕೊನೆಗೆ ಬಿಡಿ ಪ್ರಿಂಟ್. ಬಿಡಿ ಪ್ರಿಂಟ್ ಕೆಟ್ಟರೆ ನಷ್ಟ ಒಂದು ಹಾಳೆ, ಪುಸ್ತಕ ಕೆಟ್ಟರೆ ಬೈಂಡಿಂಗ್ ಸಮೇತ ಹೋಗುತ್ತದೆ. ತಡವಾಗಿ ಬಂದವರಿಗೆ ಗಿಫ್ಟ್ ಕೋಡ್ ಮಾರುತ್ತೇನೆ. ಅವರು ಫೆಬ್ರವರಿಯಲ್ಲಿ ನಿಧಾನಕ್ಕೆ ಪುಸ್ತಕ ಮಾಡಿಸುತ್ತಾರೆ, ಸುಮ್ನೆ ನಿಂತ ಮಷೀನಿಗೂ ಕೆಲಸ. ಕೋಡ್ ಬಳಕೆಯಾಗುವವರೆಗೆ ಆ ಹಣವನ್ನೂ ಮುಟ್ಟುವುದಿಲ್ಲ. ನಿಲ್ಲಿಸುವ ದಿನವನ್ನು ಹೇಗೆ ಲೆಕ್ಕ ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕೊರಿಯರಿನವರು ಹೇಳುವ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಬೇಡಿ, ಅಷ್ಟು ಹೇಳುತ್ತೇನೆ.

ನಡುವೆ ಮಗ್ ಪ್ರಿಂಟಿಂಗ್ ಕೂಡ ನೋಡಿದೆ, ಖಾಲಿ ತಿಂಗಳು ತುಂಬಲಿ ಅಂತ. ದಾರಿಯಲ್ಲೇ ನೂರಕ್ಕೆ ಏಳೆಂಟು ಒಡೆದವು, ಬಿಟ್ಟೆ. ರಿಯಾಯಿತಿ ಸಿಕ್ಕಿತು ಅಂತ ಒಂದು ವರ್ಷ ಇಂಕ್ ಜಾಸ್ತಿ ತಂದಿಟ್ಟೆ. ಅದರಲ್ಲಿ ಅರ್ಧದಷ್ಟು ಅವಧಿ ಮೀರಿ ಹಾಳಾಯಿತು. ನಿಂತ ಪ್ರಿಂಟರಿನ ಹೆಡ್ (ಇಂಕ್ ಚಿಮ್ಮಿಸುವ ಭಾಗ) ಕಟ್ಟಿಕೊಂಡು, ಅದನ್ನು ಬದಲಾಯಿಸುವುದಕ್ಕೇ ಒಂದು ತಿಂಗಳ ಲಾಭ ಹೋಯಿತು. ಈಗ ವಾರಕ್ಕೆ 2 ಸಲ ಟೆಸ್ಟ್ ಪ್ರಿಂಟ್ ತಪ್ಪಿಸುವುದಿಲ್ಲ. ಎರಡನೇ ಮಷೀನ್ ಸೀಸನ್ನಿಗೆ ಮಾತ್ರ ಬಾಡಿಗೆಗೆ ತರುತ್ತೇನೆ.

ಕಳೆದ ಸೀಸನ್ನಿನಲ್ಲಿ ಆರ್ಡರ್ ಐದರಲ್ಲಿ ಒಂದು ಪಾಲು ಇಳಿಯಿತು. ಕೈಯಲ್ಲಿ ಉಳಿದದ್ದು ಅದರ ಹಿಂದಿನ ವರ್ಷಕ್ಕಿಂತ ಜಾಸ್ತಿ. ಏಪ್ರಿಲ್ ಕಂತು ಸಾಲವಿಲ್ಲದೆ ಕಟ್ಟಿದೆ, ಪೇಪರಿಗೆ ಮುಂಗಡ ಕೊಟ್ಟು ನೂರಕ್ಕೆ 6ರಷ್ಟು ಬೆಲೆಯನ್ನೂ ಇಳಿಸಿಕೊಂಡೆ.