ಸಹಿಗೆ ಮೊದಲಿನ ಕಾಲು ಗಂಟೆ

ಆಪರೇಷನ್ ಆದ ಎರಡನೇ ದಿನ ಬೆಳಗ್ಗೆ ರೌಂಡ್ಸಿಗೆ ಹೋದಾಗ ಹೊಟ್ಟೆಯೊಳಗಿನ ನೀರು ಹೊರಬರಲು ಇಟ್ಟ ಡ್ರೈನ್ ಚೀಲದಲ್ಲಿ ಅರಿಶಿನಕ್ಕೆ ಹಸಿರು ಕಲಸಿದಂಥ ನೀರು ತುಂಬಿತ್ತು. ಮೊದಲ ದಿನ ಒಂದಿಷ್ಟು ಕೆಂಪು ನೀರು ಬರುವುದು ಸಹಜ. ಇದು ಪಿತ್ತ. ಸಿಸ್ಟರ್ ಏನೂ ಹೇಳದೆ ನನ್ನ ಮುಖ ನೋಡಿದರು. ರೋಗಿ ಹಾಸಿಗೆಯಲ್ಲಿ ಎದ್ದು ಕೂರಲು ನೋಡುತ್ತಾ, "ಇವತ್ತು ಕಳಿಸ್ತೀರ ಅಲ್ವಾ ಡಾಕ್ಟ್ರೇ?" ಅಂದರು.

ರಾಮನಗರ ಕಡೆಯ ಹಳ್ಳಿ, ರೇಷ್ಮೆಹುಳು ಸಾಕುವ ಮನೆ. ವಯಸ್ಸು ನಲವತ್ತರ ಆಸುಪಾಸು. ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿಗೆ ಹೊಡೆಯುವ ನೋವು. ವರ್ಷವಿಡೀ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಕೊನೆಗೆ ಸ್ಕ್ಯಾನಿಂಗ್ ಮಾಡಿಸಿದರೆ ಪಿತ್ತಕೋಶದ ತುಂಬ ಕಲ್ಲು. ಆಪರೇಷನ್ ಬೇಕೇ ಬೇಕಿತ್ತು, ಅದರಲ್ಲಿ ನನಗೆ ಈಗಲೂ ಸಂದೇಹವಿಲ್ಲ. ಹುಳು ನಾಲ್ಕನೇ ಜ್ವರದಿಂದ (ಪೊರೆ ಬಿಡುವ ನಿದ್ದೆಯಿಂದ) ಏಳುವ ಹೊತ್ತಿಗೆ ಸೊಪ್ಪು ಹಾಕಲು ತಾನು ಮನೆಯಲ್ಲಿರಬೇಕು ಎಂದು ಆಕೆ ಹೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ ಆಗಿತ್ತು: "ನಾಲ್ಕು ತೂತು ಅಮ್ಮ, ಎರಡು ದಿನಕ್ಕೆ ಮನೆ." ಅಪಾಯದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಫಾರಂ ಇಂಗ್ಲಿಷಿನಲ್ಲಿತ್ತು. ಥಿಯೇಟರಿಗೆ ಕರೆದೊಯ್ಯುವ ಗಡಿಬಿಡಿಯಲ್ಲಿ ಸಿಸ್ಟರ್ ಅದಕ್ಕೆ ಗಂಡನ ಸಹಿ ಹಾಕಿಸಿಕೊಂಡಿದ್ದರು.

ನಾನು ಹೇಳಿದ್ದು ಸುಳ್ಳೇನಲ್ಲ, ಹೆಚ್ಚಿನವರಿಗೆ ಹಾಗೇ ಆಗುತ್ತದೆ. 1882ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಕ್ ಮೊದಲ ಸಲ ಪಿತ್ತಕೋಶ ತೆಗೆದ ಮೇಲೆ ನೂರು ವರ್ಷ ಈ ಆಪರೇಷನ್ ಅಂದರೆ ಹೊಟ್ಟೆ ಕೊಯ್ಯುವುದೇ ಆಗಿತ್ತು. ಪಕ್ಕೆಲುಬಿನ ಕೆಳಗೆ ಗೇಣುದ್ದದ ಗಾಯ, ವಾರಗಟ್ಟಲೆ ಆಸ್ಪತ್ರೆ, ಕೆಮ್ಮಿದರೆ ಪ್ರಾಣ ಹೋಗುವ ನೋವು, ತಿಂಗಳುಗಟ್ಟಲೆ ಹೊರೆ ಎತ್ತುವಂತಿಲ್ಲ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಲ್ಯಾಪ್ರೋಸ್ಕೋಪಿಯಲ್ಲಿ ಅದನ್ನು ಮಾಡಿ ತೋರಿಸಿದರು. ನಮ್ಮ ಕಡೆ ಜನ ಇದಕ್ಕೆ "ಲೇಸರ್ ಆಪರೇಷನ್" ಅನ್ನುತ್ತಾರೆ. ಲೇಸರ್ ಇದರಲ್ಲಿ ಇಲ್ಲವೇ ಇಲ್ಲ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ತೂತಿನಿಂದ ಕ್ಯಾಮೆರಾ ಇಳಿಸಿ, ಪರದೆ ನೋಡುತ್ತಾ ಕೆಲಸ ಮಾಡುತ್ತೇವೆ. ದಿನಗೂಲಿಯವರಿಗೆ, ಹಾಲು ಕರೆಯುವವರಿಗೆ ಹತ್ತು ದಿನದಲ್ಲಿ ಕೆಲಸಕ್ಕೆ ಮರಳುವುದು ಎಷ್ಟು ದೊಡ್ಡ ಉಪಕಾರ ಎಂದು ನಾನು ದಿನವೂ ನೋಡುತ್ತೇನೆ.

ಆದರೆ ಇದರಲ್ಲಿ ಒಂದು ಅಪಾಯ ಹೆಚ್ಚಾಯಿತು. ಪಿತ್ತಕೋಶದಿಂದ ಹೊರಡುವ ಸಣ್ಣ ನಾಳವನ್ನು ಮಾತ್ರ ನಾವು ಕತ್ತರಿಸಬೇಕು. ಅದು ಹೋಗಿ ಸೇರುವ ಮುಖ್ಯ ಪಿತ್ತನಾಳವೇ ಪಿತ್ತ ಲಿವರಿನಿಂದ ಕರುಳಿಗೆ ಹೋಗುವ ಒಂದೇ ದಾರಿ. ಹೊಟ್ಟೆ ಕೊಯ್ದು ಮಾಡುವಾಗ ಮುಖ್ಯನಾಳಕ್ಕೆ ಪೆಟ್ಟಾಗುತ್ತಿದ್ದುದು ಸಾವಿರದಲ್ಲಿ ಒಬ್ಬಿಬ್ಬರಿಗೆ. ಲ್ಯಾಪ್ರೋಸ್ಕೋಪಿಯಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ ಸಾವಿರಕ್ಕೆ ಮೂರರಿಂದ ಐದು. ಊದಿಕೊಂಡ ಪಿತ್ತಕೋಶವನ್ನು ಹಿಡಿದು ಮೇಲಕ್ಕೆ ಜಗ್ಗಿದರೆ ಮುಖ್ಯನಾಳವೂ ಅದರ ಜೊತೆ ಏಳುತ್ತದೆ, ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ಪರದೆಯ ಮೇಲೆ ಅದು ಥೇಟ್ ಸಣ್ಣ ನಾಳದ ಹಾಗೇ ಕಾಣುತ್ತದೆ. ಕೈ ನಡುಗುವುದಿಲ್ಲ, ಅನುಮಾನವೂ ಬರುವುದಿಲ್ಲ. ಕ್ಲಿಪ್ ಹಾಕಿ ಕತ್ತರಿಸುತ್ತೀರಿ. ನಾನು ಮಾಡಿದ್ದು ಅದನ್ನೇ.

ಇದನ್ನು ತಪ್ಪಿಸುವ ಕ್ರಮವನ್ನು ಸ್ಟ್ರಾಸ್‌ಬರ್ಗ್ ಎಂಬ ಸರ್ಜನ್ 1995ರಲ್ಲೇ ಬರೆದಿದ್ದರು. ಕೊಬ್ಬೆಲ್ಲ ಬಿಡಿಸಿ, ಪಿತ್ತಕೋಶದ ಕೆಳಭಾಗವನ್ನು ಲಿವರಿನಿಂದ ಬೇರ್ಪಡಿಸಿ, ಅದಕ್ಕೆ ಹೋಗುವುದು ಒಂದು ನಾಳ ಒಂದು ರಕ್ತನಾಳ, ಎರಡೇ ಎರಡು ಎಂದು ಕಣ್ಣಾರೆ ಕಂಡ ಮೇಲೆಯೇ ಕ್ಲಿಪ್. ನಾನದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆ ದಿನ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿದೆ ಅನಿಸಿತು, ಬಿಡಿಸುವುದನ್ನು ಅರ್ಧಕ್ಕೇ ನಿಲ್ಲಿಸಿದೆ.

ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಬಂದ ಮೇಲೆ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. "ಸೋಂಕಾಗಿದೆ, ದೊಡ್ಡಾಸ್ಪತ್ರೆಗೆ ಹೋಗಿ ಅಂತ ಕಳಿಸು. ಅವರಿಗೆ ನಾಳಗೀಳ ಎಲ್ಲ ಅರ್ಥ ಆಗಲ್ಲ" ಅಂದರು. ಅವರಿಗೆ ನನ್ನ ಮೇಲಿನ ಪ್ರೀತಿ ನಿಜ. ಆದರೆ ಮುಂದೆ ರಿಪೇರಿ ಮಾಡುವ ಡಾಕ್ಟರಿಗೆ ಎಲ್ಲಿ ಏನು ಕತ್ತರಿಸಿದ್ದೇನೆಂದು ಬರೆದು ಕೊಡದೆ ಕಳಿಸಿದರೆ ಆಕೆಯ ಗತಿ? ಕುರ್ಚಿ ಎಳೆದುಕೊಂಡು ಗಂಡ ಹೆಂಡತಿ ಇಬ್ಬರ ಮುಂದೆ ಕೂತೆ. "ಕತ್ತರಿಸಬಾರದ ನಾಳವನ್ನು ಕತ್ತರಿಸಿದ್ದೇನೆ. ಇದು ನನ್ನಿಂದ ಆದದ್ದು, ನಿಮ್ಮ ತಪ್ಪೇನೂ ಇಲ್ಲ. ಇನ್ನೊಂದು ಆಪರೇಷನ್ ಆಗಬೇಕು, ಅದು ನನಗಿಂತ ಚೆನ್ನಾಗಿ ಬರುವವರ ಕೈಯಲ್ಲಿ ಆಗಬೇಕು." ಗಂಡ ಎದ್ದು ಹೊರಗೆ ಹೋದರು. ಆಕೆ ಮಾತ್ರ ಕೇಳಿದರು, "ಮೊದ್ಲೇ ಹೇಳ್ಬೋದಿತ್ತಲ್ಲ ಡಾಕ್ಟ್ರೇ, ಹಿಂಗೂ ಆಗ್ಬೋದು ಅಂತ?"

ಬೆಂಗಳೂರಿನಲ್ಲಿ ಆರು ವಾರ ಪಿತ್ತ ಹೊರಗೆ ಹರಿಸುವ ಟ್ಯೂಬಿನಲ್ಲೇ ಇಟ್ಟು, ಸೋಂಕು ಇಳಿದ ಮೇಲೆ, ಸಣ್ಣಕರುಳಿನ ತುಂಡೊಂದನ್ನು ಮೇಲೆತ್ತಿ ಲಿವರಿನ ನಾಳಕ್ಕೆ ಸೇರಿಸಿದರು. ಹೊಟ್ಟೆಯ ಅಡ್ಡಕ್ಕೂ ಹೊಲಿಗೆ ಬಿತ್ತು. ಖರ್ಚಿನ ದೊಡ್ಡ ಪಾಲನ್ನು ನಾನು ಕೊಟ್ಟೆ. ಅವರ ಆ ಬೆಳೆ ಹೋಯಿತು, ಅದರ ಮುಂದಿನದೂ ಹೋಯಿತು.

ಆಕೆಯ ಆ ಪ್ರಶ್ನೆಯಿಂದಲೇ ನನ್ನ ಪದ್ಧತಿ ಬದಲಾಯಿತು. ಈಗ ಆಪರೇಷನ್ನಿಗೆ ಒಂದು ದಿನ ಮೊದಲು, ಓಪಿಡಿಯ ಜನ ಕರಗಿದ ಮೇಲೆ, ಕಾಲು ಗಂಟೆ ಕೂರುತ್ತೇನೆ. ಚೀಟಿಯ ಹಿಂದೆ ಲಿವರ್, ಪಿತ್ತಕೋಶ, ನಾಳಗಳ ಚಿತ್ರ ಬರೆಯುತ್ತೇನೆ. ಸಾವಿರ ಜನರಲ್ಲಿ ನಾಲ್ಕೈದು ಜನರಿಗೆ ಈ ಜಾಗಕ್ಕೆ ಪೆಟ್ಟಾಗಬಹುದು ಎಂದು ಬೆರಳಿಟ್ಟು ತೋರಿಸುತ್ತೇನೆ. ಒಳಗೆ ಸ್ಪಷ್ಟವಾಗಿ ಕಾಣದಿದ್ದರೆ ಹೊಟ್ಟೆ ಕೊಯ್ಯುತ್ತೇನೆ, ಇಲ್ಲವೇ ಪಿತ್ತಕೋಶದ ಒಂದು ಭಾಗ ಅಲ್ಲೇ ಬಿಟ್ಟು ಹೊರಬರುತ್ತೇನೆ, ಎದ್ದಾಗ ಉದ್ದದ ಹೊಲಿಗೆ ಕಂಡರೆ ಗಾಬರಿಯಾಗಬೇಡಿ ಅನ್ನುತ್ತೇನೆ. ಆಮೇಲೆ, "ಈಗ ನಿಮ್ಮ ಅತ್ತಿಗೆ ಕೇಳಿದ್ರೆ ಏನಂತ ಹೇಳ್ತೀರಿ?" ಎಂದು ಅವರ ಬಾಯಿಂದಲೇ ಹೇಳಿಸುತ್ತೇನೆ. ಅಲ್ಲಿ ತಡವರಿಸಿದರೆ ಮತ್ತೆ ಮೊದಲಿಂದ. ಇಷ್ಟು ಹೇಳಿದರೆ ಹೆದರಿ ಓಡಿಹೋಗುತ್ತಾರೆ ಎಂದು ಎಚ್ಚರಿಸಿದವರುಂಟು. ಓಡಿಹೋದವರು ಬೆರಳೆಣಿಕೆಯಷ್ಟು, ಅವರಲ್ಲೂ ಕೆಲವರು ಮತ್ತೆ ಬಂದರು.

ಕಷ್ಟ ಇರುವುದು ಬೇರೆ ಕಡೆ. ಹೆಂಗಸರನ್ನು ಕೇಳಿದ ಪ್ರಶ್ನೆಗೆ ಗಂಡನೋ ಮಗನೋ ಉತ್ತರ ಕೊಡುತ್ತಾರೆ. "ಒಂದೇ ಸಲ ಗರ್ಭಕೋಶಾನೂ ತೆಗೆದ್ಬಿಡಿ ಸಾರ್, ಮತ್ತೆ ಮತ್ತೆ ಯಾಕೆ?" ಎಂದು ಕೇಳಿದ ಗಂಡಂದಿರಿದ್ದಾರೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ: ಪರೀಕ್ಷೆಗೆಂದು ಒಪ್ಪಿದ ವಯಸ್ಕ ಹೆಣ್ಣುಮಗಳಿಗೆ ಅರಿವಳಿಕೆ ಕೊಟ್ಟಾಗ, ತಾಯಿಯ ಒಪ್ಪಿಗೆ ಕೇಳಿ ಗರ್ಭಕೋಶ ತೆಗೆದದ್ದು ಒಪ್ಪಿಗೆಯೇ ಅಲ್ಲ. ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಮಾತ್ರ ಆ ಮಾತು ಬೇರೆ. ನಾನೀಗ ಮನೆಯವರನ್ನು ಐದು ನಿಮಿಷ ಹೊರಗೆ ಕೂರಿಸಿ ಆಕೆಯೊಬ್ಬರನ್ನೇ ಕೇಳುತ್ತೇನೆ. ಸಹಿಯೋ ಹೆಬ್ಬೆಟ್ಟೋ, ಆಕೆಯದ್ದೇ, ಕನ್ನಡದ ಫಾರಂ ಮೇಲೆ.

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ಕಂಡು, ನೋವೇ ಇಲ್ಲದೆ ಓಡಿ ಬರುವವರು ಇನ್ನೊಂದು ಬಗೆ. ಅಂಥವರಲ್ಲಿ ವರ್ಷಕ್ಕೆ ನೂರಕ್ಕೆ ಒಂದರಿಂದ ನಾಲ್ಕು ಜನರಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ತುಂಬ ದೊಡ್ಡ ಕಲ್ಲು ಅಥವಾ ಪಿತ್ತಕೋಶದಲ್ಲಿ ಗಡ್ಡೆ ಇಲ್ಲದಿದ್ದರೆ ಆಪರೇಷನ್ ಬೇಡ ಅನ್ನುತ್ತೇನೆ. "ಕಾರ್ಡಲ್ಲಿ ಫ್ರೀ ಆಗುತ್ತಲ್ಲ, ತೆಗೆದ್ಬಿಡಿ" ಅಂದರೂ ಒಪ್ಪುವುದಿಲ್ಲ. ಅವರು ಬೇರೆ ಕಡೆ ಹೋಗಿ ಮಾಡಿಸಿಕೊಂಡು ಬಂದು ಗಾಯ ತೋರಿಸಿದ್ದೂ ಇದೆ. ಅದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ರಾಮನಗರ ಕಡೆಯ ಆಕೆ ವರ್ಷಕ್ಕೊಮ್ಮೆ ಲಿವರಿನ ರಕ್ತಪರೀಕ್ಷೆಗೆ ಬರುತ್ತಾರೆ. ಕರುಳು ಸೇರಿಸಿದ ಜಾಗ ಎಷ್ಟೋ ವರ್ಷಗಳ ಮೇಲೂ ಕಿರಿದಾಗಬಹುದು. ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಹೊತ್ತು ನೋಡದೆ ಫೋನ್ ಮಾಡಿ ಎಂದು ನನ್ನ ನಂಬರನ್ನು ಅವರ ಗಂಡನ ಮೊಬೈಲಿನಲ್ಲಿ ನಾನೇ ಹಾಕಿಕೊಟ್ಟಿದ್ದೇನೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಫೋನ್ ಬಂತು. ಬರೀ ಮಲೇರಿಯಾ.