ಐವತ್ತು ರೂಪಾಯಿ ದಂಡದ ಕಾಯ್ದೆ ಹಿಡಿದು ಶಾಸಕರ ಮನೆ ಬಾಗಿಲಿಗೆ

ಸಾಕಿದ ನಾಯಿಯನ್ನು ಗೇಣುದ್ದದ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕುವುದು, ಅನ್ನ ನೀರು ಕೊಡದಿರುವುದು, ಬೇಡವಾದಾಗ ಬಿಟ್ಟು ಹೋಗುವುದು ಎಲ್ಲವೂ ನಮ್ಮ ದೇಶದಲ್ಲಿ ಅಪರಾಧ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಸೆಕ್ಷನ್ 11ರಲ್ಲಿ ಒಂದೊಂದಕ್ಕೂ ಪ್ರತ್ಯೇಕ ಉಪವಿಧಿ ಇದೆ. ಓದುತ್ತಾ ಶಿಕ್ಷೆಯ ಸಾಲಿಗೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಮೊದಲ ಸಲದ ಅಪರಾಧಕ್ಕೆ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ ದಂಡ, ಇಲ್ಲವೇ ಮೂರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡೂ. ಈ ಸಾಲನ್ನು ಕರ್ನಾಟಕದ ಮಟ್ಟಿಗಾದರೂ ತಿದ್ದಿಸಬೇಕೆಂದು ನಾನು ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ.

ನಮ್ಮದು ಊರಾಚೆಯ ಸಣ್ಣ ಆಶ್ರಯಧಾಮ. ಬರುವ ನಾಯಿಗಳಲ್ಲಿ ಬೀದಿಯವು ಎಷ್ಟೋ ಅಷ್ಟೇ ಸಾಕಿದವೂ ಇರುತ್ತವೆ. ಬಾಡಿಗೆ ಮನೆ ಖಾಲಿ ಮಾಡಿದವರು ಹಿತ್ತಲಲ್ಲಿ ಕಟ್ಟಿಯೇ ಹೋಗಿದ್ದ ಒಂದು ಲ್ಯಾಬ್ರಡಾರ್‌ನ ವಿಷಯ ಹೇಳುತ್ತೇನೆ. ಪಕ್ಕದ ಮನೆಯವರು ಕರೆದಾಗ ಅದರ ಕುತ್ತಿಗೆಯ ಪಟ್ಟಿ ಚರ್ಮದೊಳಗೆ ಇಳಿದಿತ್ತು, ಮೈತುಂಬ ಉಣ್ಣಿ ಹುಳು. ಠಾಣೆಯಲ್ಲಿ ಎಫ್‌ಐಆರ್ ಆಗಲಿಲ್ಲ, ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿ, ಬರೆದುಕೊಟ್ಟರು. ಆ ಅಧಿಕಾರಿಯನ್ನು ನಾನು ದೂರುವುದಿಲ್ಲ. ಸೆಕ್ಷನ್ 31ರ ಪ್ರಕಾರ ಈ ಕಾಯ್ದೆಯ ಬೆರಳೆಣಿಕೆಯ ಅಪರಾಧಗಳು ಮಾತ್ರ ಸಂಜ್ಞೇಯ, ಅಂದರೆ ಪೊಲೀಸರು ತಾವೇ ತನಿಖೆ ಮಾಡಬಹುದಾದವು. ಹೊಡೆಯುವುದು, ಹಸಿವಿಗೆ ದೂಡುವುದು, ತೊರೆಯುವುದು ಆ ಪಟ್ಟಿಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಇನ್ನೊಂದು ಕಡೆ ಸೆಕ್ಷನ್ 36 ಇದೆ: ಘಟನೆಯಾದ ಮೂರು ತಿಂಗಳ ನಂತರ ಮೊಕದ್ದಮೆ ಹೂಡುವಂತೆಯೇ ಇಲ್ಲ. ಅನುಮತಿಗೆ ಅಲೆಯುವಷ್ಟರಲ್ಲಿ ಆ ಗಡುವು ಮುಗಿದುಹೋಯಿತು. ನಾಯಿ ಗುಣವಾಯಿತು, ಮಾಲೀಕರಿಗೆ 50 ರೂಪಾಯಿಯ ದಂಡವೂ ಬೀಳಲಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325 ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಒಳ್ಳೆಯ ಸೆಕ್ಷನ್ನೇ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಹಳೆಯ ದಂಡ ಸಂಹಿತೆಯಲ್ಲಿದ್ದಂತೆ ಪ್ರಾಣಿಯ ಬೆಲೆ ಇಷ್ಟು ರೂಪಾಯಿ ಎಂದು ಲೆಕ್ಕ ಹಾಕುವುದೂ ಈಗಿಲ್ಲ. ಆದರೆ ಉಪವಾಸ ಕೆಡವಿ, ಕಟ್ಟಿಹಾಕಿ, ಬಿಟ್ಟುಹೋದ ಪ್ರಕರಣಗಳು ಅದರೊಳಗೆ ಸುಲಭವಾಗಿ ಕೂರುವುದಿಲ್ಲ. ಆಶ್ರಯಧಾಮಕ್ಕೆ ಹೆಚ್ಚಾಗಿ ಬರುವುದು ಇವೇ.

"ಇದು ಸೆಂಟ್ರಲ್ ಆಕ್ಟ್ ಮೇಡಂ, ನಮ್ಮ ಕೈಲಿ ಏನಿದೆ?" ಹೋದ ಕಡೆಯೆಲ್ಲ ಕೇಳಿದ ಮೊದಲ ಮಾತು ಇದು. ಉತ್ತರ ಹುಡುಕಿಕೊಟ್ಟವರು ನಮ್ಮೂರಿನ ಒಬ್ಬ ಕಿರಿಯ ವಕೀಲರು. ಪ್ರಾಣಿಹಿಂಸೆ ತಡೆ ಎಂಬ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ 17ನೇ ಬಾಬತ್ತು. ರಾಜ್ಯವೂ ಕಾನೂನು ಮಾಡಬಹುದು. ಕೇಂದ್ರದ ಕಾಯ್ದೆಗೆ ಅದು ತಾಗಿದರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕು, ಅಷ್ಟೆ. ಇದು ಪುಸ್ತಕದ ಮಾತಲ್ಲ ಎನ್ನುವುದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಕಂಬಳಕ್ಕೆ ದಾರಿ ಮಾಡಿಕೊಡಲು 2017ರಲ್ಲಿ ನಮ್ಮ ವಿಧಾನಮಂಡಲ ತಿದ್ದಿದ್ದು ಇದೇ 1960ರ ಕಾಯ್ದೆಯನ್ನು. ಅಂಕಿತವೂ ಸಿಕ್ಕಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ಅದನ್ನೂ ಎತ್ತಿಹಿಡಿಯಿತು. ಒಂದು ಕ್ರೀಡೆಗಾಗಿ ತೆರೆದ ಬಾಗಿಲು ಮೂಕಪ್ರಾಣಿಯ ರಕ್ಷಣೆಗೂ ತೆರೆಯಬೇಕು. ಕಂಬಳದ ಹೆಸರೆತ್ತಿದ್ದಕ್ಕೆ ಪ್ರಾಣಿಪ್ರಿಯ ಗೆಳೆಯರು ಕೆಲವರು ಬೇಸರಪಟ್ಟುಕೊಂಡರು. ಕಂಬಳ ಸರಿಯೋ ತಪ್ಪೋ ಎಂಬ ವಾದ ಬೇರೆ. ಶಾಸಕರೆದುರು ಕೂತಾಗ ನನಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ಸಿಕ್ಕಿಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರವೂ ದಂಡ ಹೆಚ್ಚಿಸುವ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ನಾವೂ ಬರೆದು ಕಳಿಸಿದೆವು. ಅದನ್ನೇ ನೆಚ್ಚಿ ಕೂರಲು ನಮ್ಮ ಗೂಡುಗಳಲ್ಲಿರುವ ಪ್ರಾಣಿಗಳಿಗೆ ವ್ಯವಧಾನವಿಲ್ಲ.

ಶಾಸಕರನ್ನು ಕಾಣಬೇಕಾದದ್ದು ಕ್ಷೇತ್ರದಲ್ಲಿ, ಬೆಳಿಗ್ಗೆ, ಅವರ ಮನೆಯಲ್ಲಿ. ಅಧಿವೇಶನದ ಹೊತ್ತಿನಲ್ಲಿ ವಿಧಾನಸೌಧಕ್ಕೆ ಪಾಸ್ ಮಾಡಿಸಿಕೊಂಡು ಹೋದರೆ ಮೊಗಸಾಲೆಯಲ್ಲಿ ಒಂದು ನಮಸ್ಕಾರಕ್ಕೆ ಮಾತ್ರ ಸಮಯ ಸಿಗುತ್ತದೆ. ಮನೆಯಲ್ಲಾದರೆ ಪಿಂಚಣಿ, ಕೊಳವೆಬಾವಿ, ವರ್ಗಾವಣೆ ಎಂದು ಬಂದವರ ಸಾಲಿನಲ್ಲಿ ನಾವೂ ಮತದಾರರು. ಕೊಡುವ ಕಾಗದ ಕನ್ನಡದಲ್ಲಿ, ಒಂದೇ ಪುಟದಲ್ಲಿರಲಿ. ಅದನ್ನು ಮೊದಲು ಓದುವವರು ಆಪ್ತ ಸಹಾಯಕರು. ಅವರಿಗೆ ಅರ್ಥವಾದರೆ ಅದು ಫೈಲಿಗೆ ಸೇರುತ್ತದೆ.

ನಮ್ಮ ಶಾಸಕರು ಕಾಗದದ ಮೇಲೆ ಕಣ್ಣಾಡಿಸಿ, "ಏನಮ್ಮಾ, ಮಕ್ಕಳಿಗೆ ನಾಯಿ ಕಚ್ಚುತ್ತಿವೆ ಅಂತ ಜನ ಬಂದು ಬಯ್ತಾರೆ, ನೀವು ನಾಯಿಗೇ ಕಾನೂನು ಕೇಳ್ತೀರಲ್ಲ?" ಎಂದರು. ಈ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. 2025ರಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶಗಳು ಬಂದ ಮೇಲಂತೂ ಮೊದಲಿಗೇ ಬರುತ್ತದೆ. ಇದನ್ನು ಸಿಟ್ಟಿನಿಂದ ಎದುರಿಸಬಾರದು. ಕಚ್ಚಿಸಿಕೊಂಡ ಮಗುವಿನ ತಾಯಿಯ ಭಯ ನಿಜ, ರೇಬಿಸ್ ಬಂದರೆ ಉಳಿಯುವುದಿಲ್ಲ ಎನ್ನುವುದೂ ನಿಜ. ನಾನು ಹೇಳಿದ್ದು ಇಷ್ಟು: "ಸರ್, ಜನ ಬಿಟ್ಟುಹೋದ, ಸಂತಾನಹರಣ ಆಗದ ಸಾಕುನಾಯಿಯೂ ಬೀದಿಯಲ್ಲೇ ಮರಿ ಹಾಕೋದು. 2023ರ ಎಬಿಸಿ, ಅಂದರೆ ಪ್ರಾಣಿ ಸಂತಾನ ನಿಯಂತ್ರಣ ನಿಯಮದಂತೆ ಬೀದಿನಾಯಿಗೆ ಆಪರೇಷನ್ನು, ರೇಬಿಸ್ ಲಸಿಕೆ ಸ್ಥಳೀಯ ಸಂಸ್ಥೆಯ ಹೊಣೆ. ಆದರೆ ಬೀದಿಗೆ ತಂದು ಬಿಡುವವನನ್ನು ತಡೆಯೋದು ಯಾರು? ಅವನಿಗೆ ದಂಡ 50 ರೂಪಾಯಿ." ಅವರು ಆಪ್ತ ಸಹಾಯಕರ ಕಡೆ ತಿರುಗಿ, "ನಿಜಾನೇನ್ರೀ ಇದು?" ಎಂದು ಕೇಳಿದರು. ಕಾಯ್ದೆಯ ಆ ಪುಟದ ಜೆರಾಕ್ಸ್ ನನ್ನ ಚೀಲದಲ್ಲೇ ಇತ್ತು.

ಶಾಸಕರಿಗೆ ಕೊಟ್ಟ ನಮ್ಮ ತಿದ್ದುಪಡಿ ಕರಡಿನಲ್ಲಿ ಕೇಳಿದ್ದು ಮೂರೇ ವಿಷಯ. ದಂಡ ಸಾವಿರಗಳ ಲೆಕ್ಕಕ್ಕೆ ಏರಬೇಕು. ತೊರೆಯುವುದು, ಉಪವಾಸ ಕೆಡವುವುದು ಸಂಜ್ಞೇಯವಾಗಬೇಕು. ಮೂರು ತಿಂಗಳ ಗಡುವು ಒಂದು ವರ್ಷವಾಗಬೇಕು. ನಮ್ಮ ಗುಂಪಿನಲ್ಲಿ ಹತ್ತಾರು ಬೇಡಿಕೆಗಳಿದ್ದವು, ಎಲ್ಲವೂ ನ್ಯಾಯವಾದವೇ. ಆದರೆ ಉದ್ದದ ಪಟ್ಟಿಯನ್ನು ಯಾವ ಶಾಸಕರೂ ಸದನಕ್ಕೆ ಒಯ್ಯುವುದಿಲ್ಲ.

ಜೊತೆಗೆ ಒಂದು ವಿಂಗಡಣೆ ಮಾಡಿಕೊಂಡೆವು. ಈ ಹೋರಾಟದಲ್ಲಿ ಅತ್ಯಂತ ಉಪಯೋಗಕ್ಕೆ ಬಂದ ಕೆಲಸ ಇದೇ ಎಂದು ನನ್ನ ನಂಬಿಕೆ. ಹೊಸ ಕಾನೂನು ಬೇಕಾದದ್ದು ಯಾವುದು, ಇರುವ ಕಾನೂನಿನಡಿ ಒಂದು ಆದೇಶ ಸಾಕಾಗುವುದು ಯಾವುದು? ಉದಾಹರಣೆಗೆ, ಕೇಸಿನ ಪ್ರಾಣಿಗಳ ಖರ್ಚು. ನ್ಯಾಯಾಲಯ ನಮ್ಮ ವಶಕ್ಕೆ ಕೊಟ್ಟ ನಾಯಿ ಕೇಸು ಮುಗಿಯುವವರೆಗೆ ನಮ್ಮಲ್ಲೇ ಇರುತ್ತದೆ. ಅನ್ನ, ಔಷಧಿ, ಡಾಕ್ಟರ ಫೀಸು ಎಲ್ಲ ದಾನಿಗಳ ಹಣ. ಸೆಕ್ಷನ್ 35 ನೋಡಿದರೆ, ಈ ಖರ್ಚನ್ನು ಮಾಲೀಕನೇ ಕೊಡಬೇಕು, ದರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್ ನಿಗದಿ ಮಾಡಬೇಕು ಎಂದಿದೆ. ವಿಚಾರಣೆ ನಡೆಯುವಾಗಲೇ ಮಾಲೀಕನಿಂದ ಖರ್ಚಿಗೆ ಬಾಂಡ್ ಬರೆಸಿಕೊಳ್ಳಲು 2017ರ ಕೇಸ್ ಪ್ರಾಪರ್ಟಿ ಪ್ರಾಣಿಗಳ ನಿಯಮಗಳಲ್ಲಿ ದಾರಿಯಿದೆ. ನಮ್ಮ ಜಿಲ್ಲೆಯಲ್ಲಿ ದರಪಟ್ಟಿಯೇ ಇರಲಿಲ್ಲ. ಪ್ರತಿ ಜಿಲ್ಲೆಯಲ್ಲೂ ಪ್ರಾಣಿ ದಯಾ ಸಂಘ ಇರಬೇಕು ಎನ್ನುತ್ತವೆ 2001ರ ನಿಯಮಗಳು; ನಮ್ಮಲ್ಲಿ ಅದು ಕಾಗದದಲ್ಲಿತ್ತು, ಸಭೆ ಸೇರುತ್ತಿರಲಿಲ್ಲ. ಸಾಕುಪ್ರಾಣಿ ಅಂಗಡಿಗಳ ನೋಂದಣಿಗೆ 2018ರ ನಿಯಮ, ನಾಯಿ ತಳಿ ಸಾಕಣೆಗೆ 2017ರ ನಿಯಮ ಇವೆ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ ಎನ್ನುವುದು ಎಷ್ಟು ಅಂಗಡಿಗಳಿಗೆ ಗೊತ್ತು?

ಇವನ್ನೆಲ್ಲ ನಾವು ಜಿಲ್ಲಾಧಿಕಾರಿಗಳ ಮುಂದಿಟ್ಟೆವು, ನಮ್ಮ ದಾಖಲಾತಿ ರಿಜಿಸ್ಟರ್ ಸಮೇತ. ಪ್ರತಿ ಪ್ರಾಣಿ ಎಲ್ಲಿ ಸಿಕ್ಕಿತು, ಸ್ಥಿತಿ ಹೇಗಿತ್ತು, ಮಾಲೀಕರ ಸುಳಿವು, ದೂರು ಕೊಟ್ಟ ದಿನ, ಖರ್ಚು, ವೈದ್ಯರ ಸಹಿ, ಬಂದ ದಿನದ ಫೋಟೊ ಎಲ್ಲ ಅದರಲ್ಲಿದೆ. ಕಣ್ಣೀರಿನ ಕಥೆಗೆ ಅಯ್ಯೋ ಎಂದು ಮುಂದಿನ ಫೈಲು ಎತ್ತಿಕೊಳ್ಳುವವರು ಆ ರಿಜಿಸ್ಟರಿನ ಪುಟ ತಿರುಗಿಸುತ್ತಾ ಕೂತದ್ದನ್ನು ನಾನು ನೋಡಿದ್ದೇನೆ. ಪ್ರಾಣಿ ದಯಾ ಸಂಘದ ಸಭೆ ಮತ್ತೆ ಶುರುವಾಯಿತು, ದರಪಟ್ಟಿ ಚರ್ಚೆಗೆ ಬಂತು. ತಿದ್ದುಪಡಿಯ ಕರಡು ಶಾಸಕರ ಪತ್ರದೊಂದಿಗೆ ಪಶುಸಂಗೋಪನಾ ಇಲಾಖೆಗೆ ಹೋಗಿದೆ. ಇಲಾಖೆ ತಾನಾಗಿ ಮಸೂದೆ ತರದಿದ್ದರೆ ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಲು ಕೇಳುತ್ತಿದ್ದೇವೆ. ಅಂಥ ಮಸೂದೆಗಳು ಪಾಸಾಗುವುದು ತೀರಾ ಅಪರೂಪ. ಆದರೂ ಸದನದ ಕಡತದಲ್ಲಿ ಆ 50 ರೂಪಾಯಿಯ ಪ್ರಸ್ತಾಪ ಬಂದರೆ ಸರ್ಕಾರ ಏನಾದರೊಂದು ಉತ್ತರ ಕೊಡಲೇಬೇಕಾಗುತ್ತದೆ.

ನಿಮ್ಮ ಜಿಲ್ಲೆಯಲ್ಲಿ ಶುರು ಮಾಡುವವರು ಮೊದಲು ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು. ಹಾಗಾಗಿ ಸೆಕ್ಷನ್ 35ರ ದರಪಟ್ಟಿಗೆ ಒಂದು, ಪ್ರಾಣಿ ದಯಾ ಸಂಘದ ಸಭಾ ನಡಾವಳಿಗೆ ಒಂದು, ನೋಂದಾಯಿತ ಅಂಗಡಿಗಳ ಪಟ್ಟಿಗೆ ಇನ್ನೊಂದು ಎಂದು ಬೇರೆ ಬೇರೆ ಅರ್ಜಿ ಬರೆಯಿರಿ.