ನೆಲ ಡೊಂಕು

ನನ್ನ ಮನೆಯಲ್ಲಿ 23 ಕೊಳಲುಗಳಿವೆ. ನುಡಿಸುವುದು ಎರಡನ್ನು ಮಾತ್ರ. ಉಳಿದ 21 ಯಾಕೆ ಅಂತ ಹೆಂಡತಿ ಕೇಳಿದಾಗಲೆಲ್ಲ ಶ್ರುತಿಯ ಲೆಕ್ಕ ಹೇಳುತ್ತೇನೆ. ಶ್ರುತಿಯ ಎತ್ತರವನ್ನು ನಾವು 'ಮನೆ'ಗಳಲ್ಲಿ ಎಣಿಸುತ್ತೇವೆ: ಇದು ಐದು ಮನೆಯದ್ದು, ಇದು ಎರಡೂವರೆ, ಇದು ನಾಲ್ಕೂವರೆ, ಯಾರಾದರೂ ಹಾಡುವವರ ಜೊತೆ ನುಡಿಸಬೇಕಾದರೆ ಬೇಕಾಗುತ್ತದೆ. ನಾಲ್ಕೂವರೆಯದ್ದೇ ಆರು ಇವೆ ಅನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲ. ನಿಜ ಏನೆಂದರೆ, ಪ್ರತಿ ಹೊಸ ಕೊಳಲು ತರುವಾಗಲೂ ಇದುವರೆಗಿನ ಅಪಸ್ವರಕ್ಕೆಲ್ಲ ಹಳೆಯ ಬಿದಿರೇ ಕಾರಣ ಅಂತ ನಂಬಿರುತ್ತೇನೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಕೊಳಲಿನವರಿಗೆ ನೆಲ ಮಾತ್ರ ಅಲ್ಲ. ಫ್ಯಾನು, ಮೈಕು, ಮಳೆ, ಗೋಳಿಬಜೆ, ಎಲ್ಲವೂ ಡೊಂಕು.

ಫ್ಯಾನಿನಿಂದಲೇ ಶುರು ಮಾಡುತ್ತೇನೆ. ಕೊಳಲಿನೊಳಗೆ ನಾವು ಊದುತ್ತೇವೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ತುಟಿಯಿಂದ ಹೊರಟ ತೆಳ್ಳಗಿನ ಗಾಳಿ ತೂತಿನ ಆಚೆ ಬದಿಯ ಅಂಚಿಗೆ ಬಡಿಯಬೇಕು, ಆಗ ನಾದ ಹುಟ್ಟುತ್ತದೆ. ಪಕ್ಕದಿಂದ ಬೇರೆ ಗಾಳಿ ಬಂದರೆ ಆ ಎಳೆ ಗುರಿ ತಪ್ಪುತ್ತದೆ. ಸ್ವರದ ಬದಲು ಬರೀ 'ಫುಸ್'. ಆದ್ದರಿಂದ ವೇದಿಕೆ ಹತ್ತಿದ ಕೂಡಲೇ ನಾನು ಮೊದಲು ನೋಡುವುದು ಸಭೆಯನ್ನಲ್ಲ, ಫ್ಯಾನ್ ಎಲ್ಲಿದೆ ಅಂತ.

ಆದರೆ ಉಡುಪಿಯ ಮೇ ತಿಂಗಳು ಗೊತ್ತಲ್ವಾ? ಕೂತಲ್ಲೇ ಬೆವರು. ನಾನು ಫ್ಯಾನ್ ಆಫ್ ಮಾಡಿಸಿದರೆ ಮೃದಂಗದವರು ನನ್ನನ್ನು ನೋಡುವ ನೋಟವೇ ಬೇರೆ. ಒಮ್ಮೆ ಒಬ್ಬರು ಆಲಾಪನೆಯ ಮಧ್ಯದಲ್ಲೇ ಬಗ್ಗಿ ಪಿಸುಗುಟ್ಟಿದರು: "ಎಂತ ಮಾರಾಯ್ರೆ, ನಿಮ್ಮ ಕೊಳಲಿಗೆ ಗಾಳಿ ಆಗುದಿಲ್ಲ, ಸರಿ. ನಾನು ಸಾಯ್ಲಿಕ್ಕುಂಟಾ?" ಕೊನೆಗೆ ಒಪ್ಪಂದವಾಯಿತು. ಫ್ಯಾನಿನ ಮುಖ ಅವರ ಕಡೆಗೆ, ನಾನು ಬೆವರಿನಲ್ಲಿ. ಗಲ್ಲ ಒದ್ದೆಯಾಗಿ ಕೊಳಲು ಜಾರಲು ಶುರುವಾಯಿತು. ಆ ದಿನ ಎರಡು ಕಡೆ ಶ್ರುತಿ ತಪ್ಪಿದೆ. ಕಛೇರಿ ಮುಗಿದ ಮೇಲೆ ಬೆವರನ್ನು ಬೈದೆ. ಹಿಂದಿನ ನಾಲ್ಕು ದಿನ ಕೊಳಲು ಮುಟ್ಟಿರಲೇ ಇಲ್ಲ ಅನ್ನುವ ವಿಷಯ ಯಾರಿಗೂ ಹೇಳಲಿಲ್ಲ.

ಏಸಿ ಹಾಲಿನಲ್ಲಿ ನೆವ ಇನ್ನೂ ಸುಲಭ, ಅದಕ್ಕೆ ವಿಜ್ಞಾನದ ಬೆಂಬಲವೂ ಇದೆ. ಗಾಳಿ ತಣ್ಣಗಾದರೆ ಅದರಲ್ಲಿ ಶಬ್ದದ ವೇಗ ಕಡಿಮೆಯಾಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು. ವೇಗ ಇಳಿದರೆ ಕೊಳಲಿನ ಶ್ರುತಿಯೂ ಇಳಿಯುತ್ತದೆ. ಪಿಟೀಲಿನವರು ಬಿರಡೆ ತಿರುಗಿಸಿ ಸರಿ ಮಾಡಿಕೊಳ್ಳುತ್ತಾರೆ. ನಮಗೆ ತಿರುಗಿಸಲು ಏನಿದೆ? ತೂತುಗಳು ಇರುವಲ್ಲೇ ಇರುತ್ತವೆ. ಅದಕ್ಕೇ ಕಛೇರಿಗೆ ಮೊದಲು ನಾನು ಕೊಳಲನ್ನು ಶಾಲಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಕೂರುತ್ತೇನೆ. ನೋಡಿದವರು ಜ್ವರ ನೋಡಿಕೊಳ್ಳುತ್ತಿದ್ದಾನೆ ಅಂದುಕೊಳ್ಳಬೇಕು.

ತಿನ್ನುವ ವಿಷಯದಲ್ಲಿ ನಾನು ಅಪರಾಧಿಯೇ. ಕಛೇರಿಗೆ ಮೊದಲು ಕರಿದದ್ದು ತಿನ್ನಬಾರದು ಅಂತ ಮಕ್ಕಳಿಗೆ ಪಾಠ ಹೇಳುತ್ತೇನೆ. ತುಟಿ ಜಿಡ್ಡಾದರೆ ಗಾಳಿಯ ಮೇಲೆ ಹಿಡಿತ ಹೋಗುತ್ತದೆ, ಹಲ್ಲಿನ ಸಂದಿಯ ಚೂರು ತಾರ ಸ್ಥಾಯಿಯಲ್ಲಿ ಸರಿಯಾಗಿ ಎದ್ದು ಬರುತ್ತದೆ. ಆದರೆ ಸಂಜೆ ಆರಕ್ಕೆ ವೇದಿಕೆಯ ಹಿಂದೆ ಬಿಸಿ ಬಿಸಿ ಗೋಳಿಬಜೆ, ಜೊತೆಗೆ ಕಾಯಿ ಚಟ್ನಿ ಬಂದರೆ ಏನು ಮಾಡುವುದು? ಒಂದೇ ಅಂತ ತೆಗೆದುಕೊಳ್ಳುತ್ತೇನೆ. ಮೊದಲ ವರ್ಣ ಮುಗಿಯುವವರೆಗೂ ಕೊತ್ತಂಬರಿ ಸೊಪ್ಪಿನ ಎಳೆಯನ್ನು ನಾಲಗೆಯಲ್ಲಿ ಹುಡುಕುತ್ತಿರುತ್ತೇನೆ.

ಮಳೆಗಾಲ ಬಂತೆಂದರೆ ಕಷ್ಟವೂ ಹೌದು, ಹಬ್ಬವೂ ಹೌದು. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳಲ್ಲಿ ಚಪ್ಪಲಿ, ಬೆಲ್ಟು, ಕೊಳಲು, ಎಲ್ಲಕ್ಕೂ ಬೂಷ್ಟು. ತೆಂಗಿನೆಣ್ಣೆ ಸವರಿ ಇಡೋಣ ಅಂದರೆ ಇರುವೆ ಬರುತ್ತದೆ. ಒಮ್ಮೆ ಎರಡು ತಿಂಗಳು ಮುಟ್ಟದೆ ಇದ್ದ ಕೊಳಲನ್ನು ತೆಗೆದು ಊದಿದೆ, ಶಬ್ದವೇ ಇಲ್ಲ. ನೋಡಿದರೆ ಮೂರು ತೂತುಗಳಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಚೆಂದವಾಗಿ ಗೂಡು ಕಟ್ಟಿತ್ತು. ಅದರ ಕೆಲಸ ನನ್ನ ಸಾಧನೆಗಿಂತ ಕ್ರಮಬದ್ಧವಾಗಿತ್ತು.

ನನ್ನ ಅಜ್ಜಿ ಇದ್ದಾಗ ಒಂದು ಒಡೆದ ಕೊಳಲನ್ನು ಬಚ್ಚಲ ಒಲೆಯ ಹತ್ತಿರ ತೆಗೆದುಕೊಂಡು ಹೋಗಿದ್ದರು, ಊದುಕೊಳವೆಗಾದರೂ ಆಗಲಿ ಅಂತ. ಒಂದು ತುದಿ ಮುಚ್ಚಿದೆ, ಮೈಯೆಲ್ಲ ತೂತು. ಐದು ನಿಮಿಷದಲ್ಲಿ ವಾಪಸ್ ತಂದರು. "ಮಗಾ, ಇದು ಬೆಂಕಿ ಊದ್ಲಿಕ್ಕೂ ಆಗುದಿಲ್ಲ." ಆ ಕೊಳಲಿಗೆ ಸಿಕ್ಕ ವಿಮರ್ಶೆಗಳಲ್ಲೇ ಅದು ಅತ್ಯಂತ ಪ್ರಾಮಾಣಿಕ.

ಮಳೆ ಹಬ್ಬ ಯಾಕೆಂದರೆ, ಹೆಂಚಿನ ಮೇಲೆ ಮಳೆ ಹೊಡೆಯುವಾಗ ನಾನು ತೋಡಿ ರಾಗ ನುಡಿಸುತ್ತೇನೆ. ಬೇರೆ ಸಮಯದಲ್ಲಿ ಧೈರ್ಯವಿಲ್ಲ. ನಮ್ಮ ಕರ್ನಾಟಕಿ ಕೊಳಲಿನಲ್ಲಿ ಬೆರಳು ಒಂದೊಂದಾಗಿ ತೆಗೆದರೆ ಹರಿಕಾಂಭೋಜಿ ರಾಗ ತಾನಾಗಿ ಬರುತ್ತದೆ. ಮೋಹನಕ್ಕಂತೂ ಏನೂ ಕಷ್ಟವಿಲ್ಲ. ಅದಕ್ಕೇ ಕೊಳಲಿನವರ ಪಟ್ಟಿಯಲ್ಲಿ ಮೋಹನ ಇಲ್ಲದ ಕಛೇರಿ ಅಪರೂಪ. ತೋಡಿಗೆ ಅರ್ಧ ತೂತು, ಕಾಲು ತೂತು, ಬೆರಳನ್ನು ಉರುಳಿಸಬೇಕು, ಜಾರಿಸಬೇಕು. ಟಿ. ಆರ್. ಮಹಾಲಿಂಗಂ, ಅಂದರೆ ನಮ್ಮೆಲ್ಲರ ಬಾಯಲ್ಲಿ 'ಮಾಲಿ', ಹಾಡಿನ ಗಮಕವನ್ನು, ಅಂದರೆ ಸ್ವರದ ಓಲಾಟವನ್ನು, ಹಾಗ್ಹಾಗೇ ಕೊಳಲಿಗೆ ತಂದರು. ಏಳನೇ ವಯಸ್ಸಿಗೆ ಕಛೇರಿ ಮಾಡಿದವರು ಅವರು. ಆ ವಯಸ್ಸಿಗೆ ನಾನು ಕಡಿಯಾಳಿಯಲ್ಲಿ ಗೋಲಿ ಆಡುತ್ತಿದ್ದೆ. ಯಾರಾದರೂ ತೋಡಿ ಕೇಳಿದರೆ ನಾನು ಗಡಿಯಾರ ನೋಡುತ್ತೇನೆ. "ದೊಡ್ಡ ರಾಗ, ಸಮಯ ಸಾಲದು" ಅನ್ನುತ್ತೇನೆ.

ಇನ್ನೊಂದು ನಾಚಿಕೆಯ ಕಥೆ. ಹಿಂದೂಸ್ತಾನಿ ಕೊಳಲಿನ ಹರಿಪ್ರಸಾದ್ ಚೌರಾಸಿಯಾ ಅವರು ಗುರು ಅನ್ನಪೂರ್ಣಾ ದೇವಿಯವರಲ್ಲಿ ಕಲಿಯಲು ಹೋದಾಗ ಬಲಗಡೆ ಹಿಡಿಯುತ್ತಿದ್ದ ಕೊಳಲನ್ನು ಎಡಗಡೆಗೆ ಬದಲಿಸಿದರು. ಎಲ್ಲವನ್ನೂ ಮೊದಲಿಂದ ಕಲಿಯಲು ತಯಾರಿದ್ದೇನೆ ಅಂತ ತೋರಿಸಲು. ಇದನ್ನು ಓದಿದ ವಾರ ನನಗೆ ಹೊಳೆಯಿತು: ಅಯ್ಯೋ, ನಾನು ಇಷ್ಟು ವರ್ಷ ತಪ್ಪು ಬದಿಯಲ್ಲಿ ಹಿಡಿದಿದ್ದೇನೆ! ಎಡಕ್ಕೆ ತಿರುಗಿಸಿದೆ. ಮೂರು ದಿನ ಮೊದಲ ಪಾಠವಾದ ಸರಳೆ ವರಸೆಯೂ ಬರಲಿಲ್ಲ. ನಾಲ್ಕನೇ ದಿನ ಮತ್ತೆ ಬಲಕ್ಕೆ ಬಂದೆ. ಆ ಬೇಜಾರಿಗೆ ಇನ್ನೊಂದು ಕೊಳಲು ತರಿಸಿದೆ. ಅದು 17ನೆಯದ್ದು.

"ಕೃಷ್ಣನೂರಿನಲ್ಲಿ ಕೊಳಲು, ಎಂತಾ ಪುಣ್ಯ" ಅಂತ ಹೊರಗಿನವರು ಹೇಳಿದರೆ ನಾನು ತಲೆಯಾಡಿಸುತ್ತೇನೆ. ಮಠದಲ್ಲಿ ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ ಬಾಲಕೃಷ್ಣನ ಕೈಯಲ್ಲಿ ಕೊಳಲೇ ಇಲ್ಲ ಅಂತ ಅವರಿಗೆ ಹೇಳುವುದಿಲ್ಲ. ಒಂದು ಕೈಯಲ್ಲಿ ಕಡಗೋಲು, ಇನ್ನೊಂದರಲ್ಲಿ ಹಗ್ಗ. ಅವನಿಗೆ ಬೆಣ್ಣೆಯದ್ದೇ ಚಿಂತೆ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಂದು ರಥಬೀದಿಯ ಪಕ್ಕದ ಒಂದು ಜಗಲಿಯಲ್ಲಿ ನುಡಿಸಲು ಒಪ್ಪಿಕೊಂಡಿದ್ದೆ. ಎರಡನೇ ಕೃತಿಗೆ ಹುಲಿವೇಷದ ತಾಸೆಯ ಬಡಿತ ಬಂತು, ಅದರ ಹಿಂದೆ ಇನ್ನೊಂದು ತಂಡ. ಆ ದಿನ ಮಾತ್ರ ನನ್ನ ನೆವ ನೂರಕ್ಕೆ ನೂರು ನಿಜ. ತಪ್ಪಿದ್ದರೂ ಯಾರಿಗೂ ಕೇಳಿಸುವ ಹಾಗಿರಲಿಲ್ಲ, ನನಗೂ ಸೇರಿ.

ಕೊಳಲುಗಳನ್ನು ನಾನು ಪಿವಿಸಿ ಪೈಪಿನಲ್ಲಿ ಹಾಕಿಕೊಂಡು ಹೋಗುತ್ತೇನೆ, ಎರಡೂ ಕಡೆ ಮುಚ್ಚಳ. ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಒಮ್ಮೆ ಅವರ ಮನೆಯ ಟ್ಯಾಂಕ್ ಸೋರುವ ವಿಷಯ ಮೂಲ್ಕಿಯವರೆಗೂ ವಿವರಿಸಿದರು. ನಾನು ಪ್ಲಂಬರ್ ಅಲ್ಲ ಅಂತ ಹೇಳಲು ಮನಸ್ಸಾಗಲಿಲ್ಲ. ವಾಷರ್ ಬದಲಿಸಿ ನೋಡಿ ಅಂದೆ.

ಈಗ ಕುಂಜಿಬೆಟ್ಟಿನ ನನ್ನ ಮನೆಯಲ್ಲಿ ಸಂಜೆ ಕೆಲವು ಮಕ್ಕಳು ಕಲಿಯಲು ಬರುತ್ತಾರೆ. ಅವರ ಎದುರು ನಾನು ತಪ್ಪಿದಾಗಲೆಲ್ಲ ಒಮ್ಮೆ ಮೇಲೆ ಫ್ಯಾನ್ ನೋಡುತ್ತೇನೆ. ಇದೊಂದು ಅಭ್ಯಾಸ, ನನಗೇ ಗೊತ್ತಿರಲಿಲ್ಲ. ಕಳೆದ ವಾರ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಜಂಟಿ ವರಸೆಯಲ್ಲಿ ನಿಷಾದ ತಪ್ಪಿದಳು. ಕೊಳಲನ್ನು ತುಟಿಯಿಂದ ತೆಗೆಯದೆ ಹುಬ್ಬು ಗಂಟಿಕ್ಕಿ ಮೇಲೆ ನೋಡಿದಳು. ನಾನೂ ನೋಡಿದೆ. ಕರೆಂಟ್ ಹೋಗಿ ಅರ್ಧ ಗಂಟೆಯಾಗಿತ್ತು.